ಗುಣವಾದ ಮೇಲೂ ಉಳಿಯುವ ನೋವು: ಕೋರಮಂಡಲ್ ಭಾಗದ ತಾಯಂದಿರ ಕುರಿತು ಒಂದು ಚಿಂತನೆ

2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರವು ಗೃಹ ಆರೋಗ್ಯ ಯೋಜನೆಯನ್ನು ಕೋಲಾರ ಜಿಲ್ಲೆಯಿಂದಲೇ ಆರಂಭಿಸಿತು. ಆರೋಗ್ಯ ಕಾರ್ಯಕರ್ತರು ಮನೆ ಬಾಗಿಲಿಗೆ ಬಂದು ಮಧುಮೇಹ, ರಕ್ತದೊತ್ತಡಗಳ ಜೊತೆಗೆ ಬಾಯಿ, ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರ್ ಕುರಿತೂ ವಿಚಾರಿಸುವ ಈ ಕ್ರಮ ನಿಶ್ಚಯವಾಗಿ ಸ್ವಾಗತಾರ್ಹ. ರೋಗವನ್ನು ಬೇಗ ಗುರುತಿಸಿದರೆ ಜೀವ ಉಳಿಯುತ್ತದೆ. ಆದರೆ ರೋಗ ಪತ್ತೆಯಾಗಿ, ಶಸ್ತ್ರಚಿಕಿತ್ಸೆಯೂ ಮುಗಿದು, ಮನೆಗೆ ಮರಳಿ ಬಂದ ತಾಯಿಯನ್ನು ವಿಚಾರಿಸುವವರು ಯಾರು? ಈ ಪ್ರಶ್ನೆಗೆ ನಮ್ಮ ಸಮಾಜವಾಗಲಿ ವ್ಯವಸ್ಥೆಯಾಗಲಿ ಇನ್ನೂ ಸರಿಯಾದ ಉತ್ತರ ನೀಡಿಲ್ಲ.

ಭಾರತದಲ್ಲಿ 2022ರ ಒಂದೇ ವರ್ಷ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತೆಂದು ಅಂತರರಾಷ್ಟ್ರೀಯ ಅಂದಾಜುಗಳು ಹೇಳುತ್ತವೆ. ಗರ್ಭಕೋಶ ಮತ್ತು ಅಂಡಾಶಯದ ಕ್ಯಾನ್ಸರ್‌ಗಳು ಇದಕ್ಕೆ ಹೊರತು. ಗರ್ಭಕಂಠದ ಕ್ಯಾನ್ಸರನ್ನು ನಿರ್ಮೂಲನೆ ಮಾಡಲು ವಿಶ್ವ ಆರೋಗ್ಯ ಸಂಸ್ಥೆಯು 2020ರ ನವೆಂಬರ್‌ನಲ್ಲಿ ಮೂರು ಗುರಿಗಳನ್ನು ಮುಂದಿಟ್ಟಿತು: 2030ರೊಳಗೆ ಶೇ. 90ರಷ್ಟು ಬಾಲಕಿಯರಿಗೆ ಲಸಿಕೆ, ಶೇ. 70ರಷ್ಟು ಮಹಿಳೆಯರಿಗೆ ತಪಾಸಣೆ, ರೋಗ ಕಂಡುಬಂದವರಲ್ಲಿ ಶೇ. 90ರಷ್ಟು ಮಂದಿಗೆ ಚಿಕಿತ್ಸೆ. ಈ ಲೆಕ್ಕ ಚಿಕಿತ್ಸೆಗೆ ಬಂದು ನಿಲ್ಲುತ್ತದೆ. ತಾಯಿಯ ಬದುಕು ಅಲ್ಲಿಗೆ ನಿಲ್ಲುವುದಿಲ್ಲ.

ಶಸ್ತ್ರಚಿಕಿತ್ಸೆಯು ದೇಹದಲ್ಲಿ ಉಂಟುಮಾಡುವ ಬದಲಾವಣೆಗಳನ್ನು ಅರಿಯುವುದು ಅಗತ್ಯ. ಗರ್ಭಕೋಶವನ್ನು ಸುತ್ತಲಿನ ಅಂಗಾಂಶಸಹಿತ ತೆಗೆಯುವಾಗ ಮೂತ್ರಕೋಶದ ನರಗಳಿಗೆ ಪೆಟ್ಟು ಬೀಳಬಹುದು. ಆಗ ಮೂತ್ರ ತಡೆಯಲಾಗದಿರುವುದು, ಪೂರ್ತಿ ವಿಸರ್ಜನೆಯಾಗದಿರುವುದು ಸಂಭವಿಸುತ್ತದೆ. ದುಗ್ಧಗ್ರಂಥಿಗಳನ್ನು ತೆಗೆದಿದ್ದರೆ ಕಾಲುಗಳಲ್ಲಿ ಬಾವು ಬಂದು, ಅದು ವರ್ಷಗಟ್ಟಲೆ ಉಳಿಯಬಹುದು. ಎರಡೂ ಅಂಡಾಶಯಗಳನ್ನು ತೆಗೆದರೆ ಮೂವತ್ತೈದು, ನಲವತ್ತರ ವಯಸ್ಸಿನಲ್ಲೇ ಒಮ್ಮೆಲೇ ಮುಟ್ಟು ನಿಂತು ಮೈ ಬಿಸಿಯೇರುವುದು, ಬೆವರು, ನಿದ್ರಾಹೀನತೆ, ಮೂಳೆ ಸವೆತ ಕಾಡುತ್ತವೆ. ಯೋನಿಯ ಶುಷ್ಕತೆಯಿಂದ ದಾಂಪತ್ಯ ನೋವಿನದಾಗುತ್ತದೆ. ವಿಕಿರಣ ಚಿಕಿತ್ಸೆಯೂ ಸೇರಿದರೆ ಕರುಳಿನ ತೊಂದರೆಗಳು ಹೆಚ್ಚಬಹುದು. ಇವೆಲ್ಲಕ್ಕೂ ಮಿಗಿಲಾದುದು ರೋಗ ಮರಳಿ ಬಂದೀತೆಂಬ ಭಯ. ಎಲ್ಲರಿಗೂ ಎಲ್ಲ ತೊಂದರೆಗಳೂ ಬರುವುದಿಲ್ಲ. ಬಂದವರು ಮಾತ್ರ ಅವುಗಳನ್ನು ಒಬ್ಬರೇ ಹೊರುತ್ತಾರೆ.

ಕೋರಮಂಡಲ್‌ನಂತಹ ಊರಿನಲ್ಲಿ ಈ ಹೊರೆ ಮತ್ತಷ್ಟು ಭಾರ. ಭಾರತ್ ಗೋಲ್ಡ್ ಮೈನ್ಸ್ ಕಂಪನಿಯ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅದರೊಡನೆ ಕಾರ್ಮಿಕ ಕುಟುಂಬಗಳನ್ನು ತಲೆಮಾರುಗಳ ಕಾಲ ಸಲಹಿದ ಚಾಂಪಿಯನ್ ರೀಫ್ಸ್‌ನ ಗಣಿ ಆಸ್ಪತ್ರೆಯ ಆಸರೆಯೂ ಇಲ್ಲವಾಯಿತು. ಇಂದು ಮಾರಿಕುಪ್ಪಂನಿಂದ ಕೋರಮಂಡಲ್ ಮಾರ್ಗವಾಗಿ ಬಂಗಾರಪೇಟೆಗೆ, ಅಲ್ಲಿಂದ ಸುಮಾರು 70 ಕಿ.ಮೀ. ದೂರದ ಬೆಂಗಳೂರಿಗೆ ಸಾಗುವ ರೈಲೇ ಇಲ್ಲಿನವರ ಜೀವನಾಡಿ. ದುಡಿಮೆಗೂ ಅದೇ ರೈಲು, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಮರುತಪಾಸಣೆಗೂ ಅದೇ ರೈಲು. ಮೂತ್ರ ತಡೆಯಲಾಗದ ಮಹಿಳೆಗೆ ಆ ಜನಸಂದಣಿಯ ಪಯಣವೆಂದರೆ ಏನೆಂದು ಊಹಿಸಿಕೊಳ್ಳಬಹುದು. ಮನೆಯಿಂದ ಹೊರಡುವ ಮುನ್ನ ನೀರು ಕುಡಿಯುವುದನ್ನೇ ಬಿಡುವುದು, ಬಾತ ಕಾಲಿನಲ್ಲೇ ನಿಂತು ಸಾಗುವುದು, ಕೊನೆಗೆ ದುಡಿಮೆಯನ್ನೋ ತಪಾಸಣೆಯನ್ನೋ ಕೈಬಿಡುವುದು: ಹೀಗೆ ಒಂದು ತೊಂದರೆ ಮತ್ತೊಂದಕ್ಕೆ ದಾರಿಯಾಗುತ್ತದೆ.

ಆಯುಷ್ಮಾನ್ ಭಾರತ್ ಯೋಜನೆಯು ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯ ಭರವಸೆ ನೀಡಿದೆ. ಇದರಿಂದ ಅನೇಕ ಜೀವಗಳು ಉಳಿದಿವೆ. ಆದರೆ ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ ವೆಚ್ಚವನ್ನು ಅದು ಲೆಕ್ಕಕ್ಕೆ ಹಿಡಿಯುವುದು 15 ದಿನಗಳ ಮಟ್ಟಿಗೆ. ಕಾಲಿನ ಬಾವಿಗೆ ಬೇಕಾದ ಒತ್ತುಪಟ್ಟಿ, ವ್ಯಾಯಾಮ ಚಿಕಿತ್ಸೆ, ಆಪ್ತಸಮಾಲೋಚನೆ ಇವು ಹದಿನೈದು ದಿನಗಳಲ್ಲಿ ಮುಗಿಯುವ ಸಂಗತಿಗಳಲ್ಲ. ಮರುತಪಾಸಣೆಯೇ ಸಾಮಾನ್ಯವಾಗಿ ಐದು ವರ್ಷ ಮತ್ತು ಅದಕ್ಕೂ ಮೀರಿ ನಡೆಯಬೇಕಾದದ್ದು.

ವ್ಯವಸ್ಥೆಯ ಕೊರತೆಗಿಂತ ಆಳವಾದದ್ದು ನಮ್ಮೊಳಗಿನ ಮೌನ. ಹೃದಯದ ಶಸ್ತ್ರಚಿಕಿತ್ಸೆಯಾದರೆ ನೆಂಟರಿಷ್ಟರು ಬಂದು ಕುಶಲ ವಿಚಾರಿಸುತ್ತಾರೆ. ಗರ್ಭಕೋಶದ ಕಾಯಿಲೆಯಾದರೆ ಮಾತು ತಗ್ಗುತ್ತದೆ. ನಡತೆಯ ಮೇಲೆ ಸಂಶಯ, ಹಿಂದಿನ ಜನ್ಮದ ಕರ್ಮವೆಂಬ ಮಾತು, ಗರ್ಭಕೋಶ ಹೋದರೆ ಹೆಣ್ತನವೇ ಹೋಯಿತೆಂಬ ಭಾವನೆ ಇವೆಲ್ಲ ಸೇರಿ ಅವಳ ಬಾಯಿ ಕಟ್ಟುತ್ತವೆ. ಗರ್ಭಕಂಠದ ಕ್ಯಾನ್ಸರ್‌ಗೆ ಮುಖ್ಯ ಕಾರಣ ಅತಿ ಸಾಮಾನ್ಯವಾದ ಎಚ್‌ಪಿವಿ ವೈರಾಣು. ಅದು ಶೀಲದ ಅಳತೆಗೋಲಲ್ಲ.

ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಅವುಗಳಲ್ಲಿ ರಜಸ್ಸಿನ ಸೂತಕವೂ ಒಂದು. ಹೆಣ್ಣಿನ ದೇಹಕ್ಕೆ ಮೈಲಿಗೆಯಿಲ್ಲವೆಂದು ಸಾರಿ, ಅವಳ ಕೊರಳಿಗೂ ಇಷ್ಟಲಿಂಗವಿತ್ತ ಪರಂಪರೆ ನಮ್ಮದು. ಮುಟ್ಟನ್ನು ಮೈಲಿಗೆಯೆನ್ನದ ನಾವು, ಅದೇ ಅಂಗದ ನೋವನ್ನು ಮಾತ್ರ ಬಾಯಿಬಿಟ್ಟು ಹೇಳಬಾರದ ಸಂಗತಿಯಾಗಿಸಿದರೆ ಸೂತಕವನ್ನು ಹಿಂಬಾಗಿಲಿನಿಂದ ಒಳತಂದಂತೆಯೇ ಸರಿ.

ಮಾಡಬಹುದಾದ ಕಾರ್ಯಗಳು ಸಾಕಷ್ಟಿವೆ. ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ ಹೊಸ ರೋಗಿಗಳನ್ನು ಹುಡುಕುವುದರ ಜೊತೆಗೆ ಚಿಕಿತ್ಸೆ ಪಡೆದವರ ಮೂತ್ರ, ಕಾಲಿನ ಬಾವು, ನಿದ್ರೆ, ಮನಸ್ಸಿನ ಸ್ಥಿತಿಯನ್ನೂ ಕೇಳುವಂತಾಗಬೇಕು. ಕನ್ನಡ, ತಮಿಳು, ತೆಲುಗು, ಉರ್ದು ಮಾತನಾಡುವ ಈ ನೆಲದಲ್ಲಿ ಆ ಪ್ರಶ್ನೆ ಅವಳ ಮನೆಮಾತಿನಲ್ಲೇ ಬರಬೇಕು. ಶ್ರೋಣಿಯ ಸ್ನಾಯುಗಳ ವ್ಯಾಯಾಮ ಕಲಿಸುವ ವ್ಯವಸ್ಥೆ ತಾಲ್ಲೂಕು ಮಟ್ಟದಲ್ಲೇ ದೊರೆಯಬೇಕು. ಮತ್ತೆ ರಕ್ತಸ್ರಾವ, ಒಂದೇ ಕಾಲಿನ ಹೊಸ ಬಾವು, ತಗ್ಗದ ಹೊಟ್ಟೆನೋವು ಕಂಡರೆ ನಿಗದಿತ ದಿನಕ್ಕೆ ಕಾಯದೆ ವೈದ್ಯರನ್ನು ಕಾಣಬೇಕೆಂಬುದು ಪ್ರತಿ ಮನೆಗೂ ತಿಳಿದಿರಬೇಕು. ಪತಿಯಾದವನು ವೈದ್ಯರ ಕೊಠಡಿಯ ಹೊರಗೆ ನಿಲ್ಲದೆ ಒಳಬಂದು ಕೇಳಿ ಅರಿಯಬೇಕು.

ಮಠಗಳು, ಅಕ್ಕನ ಬಳಗಗಳು, ಬಸವ ಕೇಂದ್ರಗಳು ಮರುತಪಾಸಣೆಗೆ ಹೋಗುವ ತಾಯಂದಿರ ಜೊತೆಗೊಬ್ಬರನ್ನು ಕಳುಹಿಸಬಹುದು, ಪ್ರಯಾಣದ ವೆಚ್ಚ ಭರಿಸಬಹುದು, ತಿಂಗಳಿಗೊಮ್ಮೆ ಅವರು ಕೂಡಿ ಮಾತನಾಡಲು ಜಾಗ ನೀಡಬಹುದು. ಜಾತಿ, ಮತ, ಭಾಷೆಗಳನ್ನು ಕೇಳದೆ ಮಾಡುವ ಇಂತಹ ಸೇವೆಯೂ ದಾಸೋಹವೇ. ಆಸ್ಪತ್ರೆ ಅವಳ ಜೀವವನ್ನು ಉಳಿಸಿಕೊಟ್ಟಿದೆ; ಆ ಜೀವ ನೆಮ್ಮದಿಯಿಂದ ಬಾಳುವಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದು.