ಹಾರದೇ ನಿಂತ ಪೈಲಟ್‌ಗೆ ಯಾಕೆ ಬೈಗುಳ?

ಹೋದ ತಿಂಗಳು ಮಂಗಳೂರಿಗೆ ಹೊರಟಿದ್ದೆ. ಮುಂಬಯಿಯಲ್ಲಿ ನಮ್ಮ ವಿಮಾನ ರನ್‌ವೇ ಹತ್ತಿರದ ತನಕ ಹೋಗಿ ವಾಪಸ್ ಬಂತು. ತಾಂತ್ರಿಕ ತೊಂದರೆ ಅಂತ ಪೈಲಟ್ ಹೇಳಿದ್ದೇ ತಡ, ಕನ್ನಡ, ತುಳು, ಮರಾಠಿ, ಹಿಂದಿ, ನಾಲ್ಕೂ ಭಾಷೆಯಲ್ಲಿ ಬೈಗುಳ ಶುರು. ನಾನು ಸುಮ್ಮನೆ ಕೂತೆ. ದೊಡ್ಡ ಮನುಷ್ಯ ಅಂತಲ್ಲ ಮಾರಾಯ್ರೇ, ಒಂದು ಕಾಲಕ್ಕೆ ನಾನೂ ಹೀಗೇ ಕೂಗಾಡಿದವನು.

ಕೆಲವು ವರ್ಷಗಳ ಹಿಂದೆ, ಜನವರಿಯಲ್ಲಿ. ಟೊರಾಂಟೋದಲ್ಲಿ ಮಗನ ಮನೆಯಲ್ಲಿದ್ದಾಗ ಊರಲ್ಲಿ ಭಾವ ತೀರಿಕೊಂಡರು. ಬೊಜ್ಜದ ದಿನಕ್ಕಾದರೂ ಮುಟ್ಟಬೇಕು ಅಂತ ಹೊರಟೆ. ಹೊರಗೆ ಒಂದೇ ಸಮ ಹಿಮ. ನಮ್ಮ ಕಡೆ ಅಡಿಕೆಗೆ ಮದ್ದು ಬಿಟ್ಟ ಹಾಗೆ ಲಾರಿಯೊಂದು ಬಂದು ರೆಕ್ಕೆಗಳಿಗೆ ಬಿಸಿ ದ್ರಾವಣ ಸಿಂಪಡಿಸಿತು. ರೆಕ್ಕೆಯ ಮೇಲೆ ತೆಳ್ಳಗೆ ಮಂಜುಗಡ್ಡೆ ಹಿಡಿದರೂ ಗಾಳಿಯ ಹರಿವು ಕೆಟ್ಟು ವಿಮಾನ ಸರಿಯಾಗಿ ಮೇಲೇಳುವುದಿಲ್ಲವಂತೆ. ಆ ಮದ್ದಿಗೂ ಇಂತಿಷ್ಟೇ ಹೊತ್ತು ಅಂತ ಅವಧಿ ಇದೆ, ಹಿಮ ಜೋರಾದಷ್ಟೂ ಅದು ಕಡಿಮೆ. ಸಾಲಿನಲ್ಲಿ ಕಾಯುತ್ತಲೇ ನಮ್ಮ ಅವಧಿ ಮುಗಿಯಿತು. ಮತ್ತೆ ಹೋಗಿ ಮತ್ತೆ ಸಿಂಪಡಣೆ. ಅಷ್ಟರಲ್ಲಿ ಯಾವುದೋ ಎಚ್ಚರಿಕೆ ದೀಪ ಹತ್ತಿಕೊಂಡಿತು. ಅದನ್ನು ನೋಡುವಷ್ಟರಲ್ಲಿ ಪೈಲಟ್‌ಗಳ ಡ್ಯೂಟಿ ಗಂಟೆ ಮುಗಿದೇ ಹೋಯಿತು! ಎಲ್ಲರೂ ಇಳಿಯಿರಿ, ನಾಳೆ ಬೆಳಿಗ್ಗೆ ಅಂದರು.

ಬಾಗಿಲಲ್ಲಿ ನಿಂತಿದ್ದ ಕ್ಯಾಪ್ಟನ್‌ಗೆ ಬಾಯಿಗೆ ಬಂದಂತೆ ಅಂದೆ. ತಲೆ ನರೆತ ಮನುಷ್ಯ, "ಸಾರಿ ಸರ್" ಅಂದ, ಅಷ್ಟೇ. ನಾನು ಊರು ಮುಟ್ಟುವಾಗ ಬೊಜ್ಜ ಮುಗಿದು ಚಪ್ಪರ ಬಿಚ್ಚುತ್ತಿದ್ದರು.

ಆಮೇಲೆ ಮ್ಯೂನಿಕ್ ದುರಂತದ ಬಗ್ಗೆ ಓದಿದೆ. 1958ರ ಫೆಬ್ರವರಿ 6, ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ವಿಮಾನ. ಇಂಜಿನ್ ತೊಂದರೆಯಿಂದ ಎರಡು ಸಲ ಟೇಕಾಫ್ ಅರ್ಧಕ್ಕೆ ನಿಲ್ಲಿಸಿದರು. ರಾತ್ರಿ ಉಳಿದು ಸರಿಮಾಡೋಣ ಎಂಬ ಮಾತೂ ಬಂದಿತ್ತು. ಕ್ಯಾಪ್ಟನ್ ಜೇಮ್ಸ್ ಥೇನ್‌ಗೆ ತಡವಾಗುವುದು ಬೇಡವಾಗಿತ್ತು. ಮೂರನೇ ಸಲ ಹೊರಟಾಗ ರನ್‌ವೇಯ ಕರಗಿದ ಹಿಮದ ಕೆಸರಲ್ಲಿ ವೇಗ ಕುಸಿಯಿತು. ಸತ್ತವರು 23. ರೆಕ್ಕೆಯ ಮಂಜುಗಡ್ಡೆ ನೋಡಲಿಲ್ಲ ಅಂತ ವರ್ಷಗಟ್ಟಲೆ ಥೇನ್ ತಲೆಗೇ ಕಟ್ಟಿದರು. ತಪ್ಪು ಆತನದಲ್ಲ, ಕೆಸರಿನದ್ದು ಅಂತ ಆಗುವಾಗ 1969. ನಿಂತರೆ ಬೈಗುಳ, ಹೊರಟು ಕೆಟ್ಟರೆ ಜೀವಮಾನದ ಅಪವಾದ... ಅವರು ಏನು ಮಾಡಬೇಕು, ನೀವೇ ಹೇಳಿ.

ಹಿಮ ನಮಗೆ ದೂರದ ಮಾತು ಅನ್ನಬೇಡಿ. 1978ರ ಜನವರಿ 1ರ ರಾತ್ರಿ ಸಾಂತಾಕ್ರೂಜ್‌ನಿಂದ ದುಬೈಗೆ ಹೊರಟ ಏರ್ ಇಂಡಿಯಾದ ‘ಎಂಪರರ್ ಅಶೋಕ’ ನೆನಪಿದೆಯಾ? ಆಗ ನಾನು ಖಾರ್‌ನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದೆ, ಸಂಜೆ ರಾತ್ರಿ ಶಾಲೆ. ಮರುದಿನ ಗಲ್ಲೆಯ ಎದುರು ಅದೇ ಮಾತು. ವಿಮಾನ ಎಷ್ಟು ವಾಲಿದೆ ಅಂತ ತೋರಿಸುವ ಕ್ಯಾಪ್ಟನ್ ಮುಂದಿನ ಉಪಕರಣ ಕೆಟ್ಟು, ಬಲಕ್ಕೆ ವಾಲಿದಂತೆಯೇ ತೋರಿಸುತ್ತಿತ್ತು. ಅವರು ಎಡಕ್ಕೆ ಎಳೆದರು. ಹೊರಗೆ ಕತ್ತಲು, ಕೆಳಗೆ ಸಮುದ್ರ. ನೆಲ ಬಿಟ್ಟು ಎರಡು ನಿಮಿಷ ಆಗುವ ಮೊದಲೇ ಬಾಂದ್ರಾದಾಚೆ ಕಡಲಿಗೆ ಬಿತ್ತು. 213 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಉಪಕರಣ ನೆಲದ ಮೇಲೇ ಕೈಕೊಟ್ಟಿದ್ದರೆ? ವಿಮಾನ ವಾಪಸ್ ಬರುತ್ತಿತ್ತು, ಜನ ಬೈಯುತ್ತಿದ್ದರು, ಮನೆಗೆ ಹೋಗುತ್ತಿದ್ದರು.

ಕಂಪನಿಯವರನ್ನು ಬೈಯಬೇಡಿ ಅಂತ ನಾನು ಹೇಳುವುದಿಲ್ಲ. ಗಂಟೆಗಟ್ಟಲೆ ನೀರು ಕೊಡದೆ, ಸುದ್ದಿ ಹೇಳದೆ ಕೂರಿಸಿದರೆ ಕೇಳಲೇಬೇಕು. 2024ರ ಜನವರಿಯಲ್ಲಿ ದೆಹಲಿಯ ಮಂಜಿನಿಂದ ಮುಂಬಯಿಗೆ ತಿರುಗಿಸಿದ ಇಂಡಿಗೋ ವಿಮಾನದವರು ಇಲ್ಲಿ ವಿಮಾನದ ಪಕ್ಕ ನೆಲದ ಮೇಲೇ ಕೂತು ಊಟ ಮಾಡಿದರಲ್ಲ, ಕಂಪನಿಗೂ ನಿಲ್ದಾಣಕ್ಕೂ ದಂಡ ಬಿತ್ತು, ಸರಿಯೇ. ಆದರೆ ಅದೇ ದಿನಗಳಲ್ಲಿ ದೆಹಲಿಯಲ್ಲಿ ವಿಳಂಬ ಅಂತ ಘೋಷಿಸುತ್ತಿದ್ದ ಪೈಲಟ್‌ಗೆ ಒಬ್ಬ ಹೊಡೆದೇಬಿಟ್ಟ. ಮಂಜು ಇಳಿಸಿದ್ದು ಆ ಪೈಲಟಾ?

ಮಂಗಳೂರು ವಿಮಾನ ಎರಡೂವರೆ ಗಂಟೆ ತಡವಾಗಿ ಹೊರಟಿತು. ಪಕ್ಕದವರು ಕೇಳಿದರು, "ಅಲ್ಲ, ನೀವು ಒಂದು ಮಾತೂ ಆಡಲಿಲ್ಲ. ಕಂಪನಿ ಕಡೆಯವರಾ?" ಅಲ್ಲ ಅಂದೆ. ನಂಬಿದ ಹಾಗೆ ಕಾಣಲಿಲ್ಲ.