ಡೊಂಗಲ್ ಅಧ್ಯಕ್ಷೆಯ ಕೈಯಲ್ಲೇ ಇರಲಿ

ಬಡವನಹಳ್ಳಿಯ, ಹಾಗೆಯೇ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮತದಾರ ಬಂಧುಗಳಲ್ಲಿ ಒಂದು ಮನವಿ.

ನಾನು ಈ ಸೀಮೆಯಲ್ಲೇ ಪಾಠ ಹೇಳಿ ನಿವೃತ್ತಳಾದವಳು. ಎರಡು ವರ್ಷದ ಹಿಂದೆ ಇ-ಸ್ವತ್ತಿನ ಕೆಲಸಕ್ಕೆಂದು ಒಂದು ಪಂಚಾಯಿತಿ ಕಚೇರಿಗೆ ಹೋಗಿದ್ದೆ. ಯಾವ ಊರೆಂದು ಹೇಳುವುದಿಲ್ಲ. ಹೇಳಿದರೆ ತಪ್ಪು ಆ ಊರೊಂದರದೇ ಎಂದಾಗುತ್ತದೆ. ಅಂದು ಕೊಳವೆ ಬಾವಿಯ ಮೋಟಾರ್ ರಿಪೇರಿಯ ಬಿಲ್ಲು ಪಾಸಾಗಬೇಕಿತ್ತು. ಅದಕ್ಕೆ ಅಧ್ಯಕ್ಷೆಯ ಡಿಜಿಟಲ್ ಸಹಿ ಬೇಕು. ಅಧ್ಯಕ್ಷೆ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅವರ ಯಜಮಾನರು ಬೈಕ್ ನಿಲ್ಲಿಸಿ ಒಳಗೆ ಬಂದು, ಕೀಗೊಂಚಲಿನಿಂದ ಆ ಸಹಿಯ ಡೊಂಗಲ್ ಬಿಡಿಸಿ ಕಂಪ್ಯೂಟರಿಗೆ ಹಾಕಿ, ಪಾಸ್‌ವರ್ಡನ್ನೂ ತಾವೇ ಒತ್ತಿದರು. ಮೋಟಾರ್ ರಿಪೇರಿಗೆ ಎಷ್ಟು ಬಿತ್ತು ಎಂದು ನಾನು ಅಧ್ಯಕ್ಷೆಯನ್ನು ಕೇಳಿದೆ. "ಅವ್ರನ್ನೇ ಕೇಳಿ ಮೇಡಂ, ನಂಗೇನ್ ಗೊತ್ತಾಗುತ್ತೆ" ಅಂದರು.

ಅದೇ ವಾರ ಅದೇ ಹೆಣ್ಣುಮಗಳನ್ನು ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಕಂಡೆ. ತೊಡೆಯ ಮೇಲೆ ಲೆಕ್ಕದ ಪುಸ್ತಕ ಹರಡಿಕೊಂಡಿದ್ದರು. ಒಬ್ಬರ ಕಂತಿಗೆ ಬಡ್ಡಿ ಎರಡು ಸಲ ಬಿದ್ದಿತ್ತು. ಪೆನ್ನಿನ ತುದಿಯನ್ನು ಆ ಸಾಲಿನ ಮೇಲಿಟ್ಟು, "ಇದು ಹೋದ್ ತಿಂಗ್ಳೇ ಕಟ್ಟವ್ರೆ, ನಲವತ್ತು ರೂಪಾಯಿ ವಾಪಸ್ ಬರ್ಕೊಳ್ಳಿ" ಅಂದರು. ಯಾರೂ ಎದುರಾಡಲಿಲ್ಲ, ಲೆಕ್ಕ ಸರಿಯಾಗಿತ್ತು. ನಲವತ್ತು ರೂಪಾಯಿ ಬಡ್ಡಿ ತಪ್ಪಿದ್ದನ್ನು ಹಿಡಿಯುವವರಿಗೆ ಮೋಟಾರ್ ಬಿಲ್ಲು ಗೊತ್ತಾಗುವುದಿಲ್ಲವೇ? ಸಂಘದಲ್ಲಿ ನಾವು ಅವರ ಮಾತು ಕೇಳುತ್ತೇವೆ, ಪಂಚಾಯಿತಿಯಲ್ಲಿ ಅವರ ಹೆಸರು ಮಾತ್ರ ಕೇಳುತ್ತೇವೆ. ಈ ಮನವಿ ಬರೆಯಲು ಕಾರಣ ಇಷ್ಟೇ.

ಅಧ್ಯಕ್ಷೆಯ ಕುರ್ಚಿ ಅವರಿಗೆ ಸುಮ್ಮನೆ ಬಂದದ್ದಲ್ಲ. ನಮ್ಮಂಥ ಬರದ ಸೀಮೆಯ ಹಿರಿಯರಿಗೆ ಅಬ್ದುಲ್ ನಜೀರ್ ಸಾಬರ ನೆನಪಿರುತ್ತದೆ. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡವರು. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿದ್ದ ಅದೇ ನಜೀರ್ ಸಾಬರು ತಂದ 1983ರ ಕಾಯ್ದೆ ಪಂಚಾಯಿತಿಗಳಲ್ಲಿ ಹೆಣ್ಣುಮಕ್ಕಳಿಗೆ ಶೇ. 25ರಷ್ಟು ಸ್ಥಾನ ಮೀಸಲಿಟ್ಟಿತು. 1987ರ ಚುನಾವಣೆಯಲ್ಲಿ ಅದು ಜಾರಿಗೂ ಬಂತು. ಸಂವಿಧಾನದ 73ನೇ ತಿದ್ದುಪಡಿ ಇಡೀ ದೇಶಕ್ಕೆ ಮೂರನೇ ಒಂದು ಭಾಗ ಮೀಸಲು ಕೊಟ್ಟದ್ದು ಆಮೇಲೆ, 1993ರಲ್ಲಿ. 2010ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಅದು ಅರ್ಧಕ್ಕೇರಿತು. ನೀರು ಕೊಟ್ಟವರೇ ಕುರ್ಚಿಯನ್ನೂ ಕೊಟ್ಟದ್ದು ಕಾಕತಾಳೀಯ ಎಂದು ನನಗನ್ನಿಸುವುದಿಲ್ಲ. ನೀರಿಲ್ಲದ ಊರಿನ ಕಷ್ಟ ಕೊಡ ಹೊತ್ತವರಿಗೆ ಗೊತ್ತು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳ ಪಂಚಾಯಿತಿಗಳನ್ನು ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದ್ದಾರೆ. ಹೆಣ್ಣುಮಕ್ಕಳು ಅಧ್ಯಕ್ಷರಾದ ಕಡೆ ಕುಡಿಯುವ ನೀರಿಗೆ ಹೆಚ್ಚು ಹಣ ಖರ್ಚಾಗಿತ್ತು ಎಂಬುದು ಅವರು ಕಂಡ ಸಂಗತಿ. ಫ್ಲೋರೈಡ್ ನೀರು ಕುಡಿದು ಹಲ್ಲು, ಮೂಳೆ ಕೆಡಿಸಿಕೊಂಡಿರುವ ಪಾವಗಡ, ಮಧುಗಿರಿಯ ಜನ ನಾವು. ನಮಗಿಂತ ಹೆಚ್ಚಾಗಿ ಯಾರಿಗೆ ಬೇಕು ಇಂಥ ಅಧ್ಯಕ್ಷೆ?

ಈಗ ಮೇಲಕ್ಕೆ ನೋಡೋಣ. 2023ರ ವಿಧಾನಸಭೆ ಚುನಾವಣೆಯಲ್ಲಿ 224 ಕ್ಷೇತ್ರಗಳಿಂದ ಗೆದ್ದ ಮಹಿಳೆಯರು 10. ಆ ವರ್ಷ ರಚನೆಯಾದ 34 ಜನರ ಸಂಪುಟದಲ್ಲಿ ಮಹಿಳೆ ಒಬ್ಬರೇ, ಲಕ್ಷ್ಮೀ ಹೆಬ್ಬಾಳ್ಕರ್. 2024ರಲ್ಲಿ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ ಮಹಿಳೆಯರಿಗೆ ಬಂದದ್ದು 3. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮನವರು 1972ರಿಂದ 1978ರವರೆಗೆ ಸ್ಪೀಕರ್ ಪೀಠದಲ್ಲಿ ಕೂತು ಸದನ ನಡೆಸಿದ ರಾಜ್ಯ ಇದು. ಆದರೂ ಒಬ್ಬ ಮಹಿಳೆಯೂ ಇಲ್ಲಿ ಮುಖ್ಯಮಂತ್ರಿ ಆಗಲಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ, ಬಸ್ಸಿನ ಉಚಿತ ಟಿಕೆಟ್ ಹೆಣ್ಣುಮಕ್ಕಳ ಕೈ ಸೇರಿವೆ, ಬಹಳ ಒಳ್ಳೆಯದಾಯಿತು. ಚುನಾವಣೆಗೆ ನಿಲ್ಲುವ ಟಿಕೆಟ್ ಮಾತ್ರ ಇನ್ನೂ ಸಿಗುತ್ತಿಲ್ಲ.

ಪಕ್ಕದಲ್ಲೇ ಇನ್ನೊಂದು ದಾರಿ ಇದೆ, ಅದನ್ನೂ ನೋಡಿ. ಕೆ. ರತ್ನಪ್ರಭಾ, ವಂದಿತಾ ಶರ್ಮಾ, ಶಾಲಿನಿ ರಜನೀಶ್ ರಾಜ್ಯದ ಮುಖ್ಯ ಕಾರ್ಯದರ್ಶಿ ಹುದ್ದೆಗೆ ಏರಿದರು. ನೀಲಮಣಿ ರಾಜು ಪೊಲೀಸ್ ಇಲಾಖೆಯ ಮುಖ್ಯಸ್ಥೆಯಾದರು. ಪರೀಕ್ಷೆ ಬರೆದು ಹೋಗುವ ದಾರಿಯಲ್ಲಿ ಹೆಣ್ಣುಮಕ್ಕಳು ತುದಿ ಮುಟ್ಟುತ್ತಾರೆ. ಯಾರದೋ ಮನೆ ಬಾಗಿಲಲ್ಲಿ ಕಾದು ಬಿ ಫಾರಂ ಪಡೆಯುವ ದಾರಿಯಲ್ಲಿ ನಿಂತುಬಿಡುತ್ತಾರೆ. ಆ ಬಾಗಿಲು ತೆಗೆಯದೆ ಯೋಗ್ಯತೆಯ ಮಾತಾಡುವುದು ಸರಿಯಲ್ಲ.

ಆ ಬಾಗಿಲನ್ನು ಕಾನೂನು ಇನ್ನು ಮುಚ್ಚಿಡಲು ಬಿಡುವುದಿಲ್ಲ. ಕನ್ನಡಿಗ ಪ್ರಧಾನಿ ಎಚ್.ಡಿ. ದೇವೇಗೌಡರ ಸರ್ಕಾರ 1996ರ ಸೆಪ್ಟೆಂಬರಿನಲ್ಲಿ ಮಹಿಳಾ ಮೀಸಲಾತಿ ಮಸೂದೆಯನ್ನು ಮೊದಲು ಮಂಡಿಸಿತು. ಅದು ಪಾಸಾಗಲು 27 ವರ್ಷ ಬೇಕಾಯಿತು. 2023ರ ಸೆಪ್ಟೆಂಬರಿನಲ್ಲಿ ಸಂವಿಧಾನದ 106ನೇ ತಿದ್ದುಪಡಿಗೆ ಲೋಕಸಭೆಯಲ್ಲಿ 454 ಮತ ಪರವಾಗಿ ಬಿದ್ದವು, ವಿರುದ್ಧ 2. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ, ಪರಿಶಿಷ್ಟರ ಮೀಸಲು ಕ್ಷೇತ್ರಗಳ ಒಳಗೂ ಮೂರನೇ ಒಂದು ಭಾಗ ಮಹಿಳೆಯರಿಗೆ. ಜನಗಣತಿ, ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲೆ ಜಾರಿ ಎಂದು ಆ ತಿದ್ದುಪಡಿ ಹೇಳುತ್ತದೆ.

ನಮ್ಮ ನಾಲ್ಕು ತಾಲ್ಲೂಕಿನ ಲೆಕ್ಕಕ್ಕೆ ಬರೋಣ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದು ನಾಲ್ಕು ವಿಧಾನಸಭಾ ಕ್ಷೇತ್ರಗಳಿವೆ. ಕೊರಟಗೆರೆ, ಪಾವಗಡ ಪರಿಶಿಷ್ಟ ಜಾತಿಗೆ ಮೀಸಲು. ಮೂರರಲ್ಲಿ ಒಂದು ಮಹಿಳೆಗೆ ಎಂದ ಮೇಲೆ ಇಂದಲ್ಲ ನಾಳೆ ಈ ಸೀಮೆಗೂ ಸರದಿ ಬಂದೇ ಬರುತ್ತದೆ. ಆ ದಿನ ಅಭ್ಯರ್ಥಿ ಯಾರು?

ಮಧುಗಿರಿಗೆ ಶಾಸಕಿ ಹೊಸಬರಲ್ಲ. 2008ರ ಉಪಚುನಾವಣೆಯಲ್ಲಿ ಅನಿತಾ ಕುಮಾರಸ್ವಾಮಿ ಇಲ್ಲಿಂದ ಗೆದ್ದಿದ್ದರು. 2020ರಲ್ಲಿ ಶಿರಾದ ಶಾಸಕ ಬಿ. ಸತ್ಯನಾರಾಯಣ ತೀರಿಕೊಂಡ ಮೇಲೆ ನಡೆದ ಉಪಚುನಾವಣೆಗೆ ಅವರ ಪತ್ನಿ ಅಮ್ಮಾಜಮ್ಮ ನಿಂತಿದ್ದರು. ಇಬ್ಬರ ಬಗ್ಗೆಯೂ ನನಗೆ ಗೌರವವಿದೆ. ಆದರೆ ಇಬ್ಬರೂ ಬಂದದ್ದು ರಾಜಕೀಯ ಮನೆತನದ ದಾರಿಯಲ್ಲಿ. ಅಂಥ ಮನೆಯಲ್ಲಿ ಹುಟ್ಟದ, ಅಂಥ ಮನೆಗೆ ಸೊಸೆಯಾಗದ ಹೆಣ್ಣುಮಗಳಿಗೆ ಇರುವ ದಾರಿ ಒಂದೇ: ವಾರ್ಡ್ ಸದಸ್ಯೆ, ಪಂಚಾಯಿತಿ ಅಧ್ಯಕ್ಷೆ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಆಮೇಲೆ ವಿಧಾನಸೌಧ. ಇದರಲ್ಲಿ ಮೊದಲ ಮೆಟ್ಟಿಲಲ್ಲೇ ಡೊಂಗಲ್ ಗಂಡನ ಜೇಬಿನಲ್ಲಿದ್ದರೆ ಆಕೆ ಕಲಿಯುವುದೇನು? ಆಕೆ ಕಲಿಯದಿದ್ದರೆ ನಾಳೆ ಮೀಸಲು ಕ್ಷೇತ್ರದ ಟಿಕೆಟ್ ಇವತ್ತಿನ ನಾಯಕರ ಮನೆಯೊಳಗೇ ಸುತ್ತುತ್ತದೆ. ವಿಧಾನಸೌಧದಲ್ಲೂ ಒಬ್ಬರು ಕೂತು ಇನ್ನೊಬ್ಬರು ಸಹಿ ಒತ್ತುವ ಪದ್ಧತಿ ಶುರುವಾಗುತ್ತದೆ.

ನಡುವಿನ ಎರಡು ಮೆಟ್ಟಿಲುಗಳದು ಇನ್ನೊಂದು ನೋವು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ ನಾವು ಮತ ಹಾಕಿದ್ದು 2016ರ ಫೆಬ್ರವರಿಯಲ್ಲಿ. ಆಗ ಗೆದ್ದು ತುಮಕೂರು ಜಿಲ್ಲಾ ಪಂಚಾಯಿತಿಯನ್ನು ಮುನ್ನಡೆಸಿದವರು ಒಬ್ಬ ಮಹಿಳೆ, ಲತಾ ರವಿಕುಮಾರ್. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ವರ್ಷಗಳೇ ಉರುಳಿದವು, ಅಧಿಕಾರಿಗಳೇ ಆಡಳಿತ ನಡೆಸಿದರು. ಅರ್ಧ ಸ್ಥಾನ ಹೆಣ್ಣುಮಕ್ಕಳದ್ದಾಗಿದ್ದ ಸಭೆಗಳು ಖಾಲಿ ಬಿದ್ದರೆ ಹೆಚ್ಚು ಕಳೆದುಕೊಳ್ಳುವವರು ಯಾರು, ಯೋಚಿಸಿ.

ಹೀಗಾಗಿ ಒಬ್ಬೊಬ್ಬರಲ್ಲೂ ಕೈಮುಗಿದು ಕೇಳುತ್ತೇನೆ.

ಅಧ್ಯಕ್ಷೆಯರ, ಸದಸ್ಯೆಯರ ಮನೆಯ ಅಣ್ಣಂದಿರೇ, ಅವರನ್ನು ಬೈಕಿನಲ್ಲಿ ಪಂಚಾಯಿತಿವರೆಗೆ ಕರೆತನ್ನಿ, ಸಂತೋಷ. ಬಾಗಿಲ ಒಳಗೆ ಅವರೊಬ್ಬರೇ ಹೋಗಲಿ. ಸಲಹೆ ಹೇಳುವುದಿದ್ದರೆ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಹೇಳಿ. ಡೊಂಗಲ್ಲನ್ನೂ ಪಾಸ್‌ವರ್ಡನ್ನೂ ಇವತ್ತೇ ಅವರ ಕೈಗೆ ಕೊಡಿ.

ಪಿಡಿಒಗಳೇ, ಕಾರ್ಯದರ್ಶಿಗಳೇ, ಅಧ್ಯಕ್ಷೆಯ ಫೋನಿಗೇ ಕರೆ ಮಾಡಿ. ಕ್ರಿಯಾ ಯೋಜನೆಯನ್ನು, ಬಿಲ್ಲನ್ನು ಅವರಿಗೇ ಓದಿ ತಿಳಿಸಿ ಸಹಿ ಪಡೆಯಿರಿ. ಒಂದು ಸಲ ತಡವಾಗಬಹುದು, ಮೂರನೇ ಸಲಕ್ಕೆ ಅವರೇ ನಿಮ್ಮನ್ನು ಪ್ರಶ್ನೆ ಕೇಳುತ್ತಾರೆ.

ಪಕ್ಷಗಳ ತಾಲ್ಲೂಕು ಮುಖಂಡರೇ, ಮೀಸಲು ಪಟ್ಟಿ ಪ್ರಕಟವಾದ ರಾತ್ರಿ ಹೆಂಡತಿಯ, ಸೊಸೆಯ ಹೆಸರು ಹುಡುಕಬೇಡಿ. ಈಗಿನಿಂದಲೇ ಕೆಲಸ ಮಾಡಿ ತೋರಿಸಿದ ಸದಸ್ಯೆಯರ ಹೆಸರು ಬರೆದಿಟ್ಟುಕೊಳ್ಳಿ. ಸಾಮಾನ್ಯ ಕ್ಷೇತ್ರದಲ್ಲೂ ಅವರಿಗೆ ಟಿಕೆಟ್ ಕೊಡಿ.

ಮತದಾರರೇ, ಮನೆಗೆ ಬಂದ ಅಭ್ಯರ್ಥಿಯ ಜೊತೆ ಮಾತಾಡಿ, ಪಕ್ಕದಲ್ಲಿ ನಿಂತವರ ಜೊತೆಯಲ್ಲ. ಮೀಸಲು ತಿರುಗಿ ವಾರ್ಡು 'ಸಾಮಾನ್ಯ' ಆಯಿತು ಎಂಬ ಒಂದೇ ಕಾರಣಕ್ಕೆ ಚೆನ್ನಾಗಿ ಕೆಲಸ ಮಾಡಿದ ಸದಸ್ಯೆಯನ್ನು ಮನೆಗೆ ಕಳಿಸಬೇಡಿ. ಸಾಮಾನ್ಯ ಎಂದರೆ ಗಂಡಸರಿಗೆ ಮೀಸಲು ಎಂದಲ್ಲ.

ಅಕ್ಕತಂಗಿಯರೇ, ವಾರ್ಡ್ ಸಭೆಗೆ, ಮಹಿಳಾ ಗ್ರಾಮ ಸಭೆಗೆ ಸಂಘದ ಹತ್ತು ಜನ ಒಟ್ಟಿಗೆ ಹೋಗಿ ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ. ಒಂದೇ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ಅಂದು ಸಂಘದ ಸಭೆ ಮುಗಿದು ಚಾಪೆ ಸುತ್ತುವಾಗ ಆ ಅಧ್ಯಕ್ಷೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಮೇಡಂ, ಆ ಮೋಟಾರ್ ಬಿಲ್ಲು ನಾನೂ ನೋಡ್ಬೋದಾ?"

"ನಿಮ್ದೇ ಸಹಿ ಕಣಮ್ಮ, ನೀವ್ ನೋಡ್ದೆ ಇನ್ಯಾರ್ ನೋಡ್ಬೇಕು?" ಅಂದೆ.

ಆ ಮಾತನ್ನು ನಾನೊಬ್ಬಳು ಹೇಳಿದರೆ ಸಾಲದು. ಮನೆಯವರು, ಕಚೇರಿಯವರು, ಊರಿನವರು ಎಲ್ಲರೂ ಅವರಿಗೆ ಹೇಳಬೇಕು. ದಯವಿಟ್ಟು ಹೇಳಿ.

ಇಂತಿ,
ಬಡವನಹಳ್ಳಿ ಸೀಮೆಯ ಒಬ್ಬ ನಿವೃತ್ತ ಶಿಕ್ಷಕಿ