ಇಂಟರ್‌ವಲ್ ಮಾತು: ಮಂಡಿಗೆ ಡ್ಯೂಪ್ ಇಲ್ಲ!

ವಾಚಕ ಮಹಾಶಯರೇ, ಈ ಅಂಕಣಕ್ಕೆ ಬರುವ ಟಪಾಲಿನ ಧಾಟಿ ನಿಮಗೂ ಗೊತ್ತು, ನನಗೂ ಗೊತ್ತು. ಯಾವ ನಾಯಕ ಯಾವ ನಾಯಕಿಯ ಜೊತೆ ಮುನಿಸಿಕೊಂಡ, ಯಾರ ಚಿತ್ರ ಡಬ್ಬದಲ್ಲೇ ಕೂತಿದೆ, ಯಾರ ಮದುವೆ ಯಾವಾಗ... ಇಂಥವೇ. ಆದರೆ ಈ ವಾರ ಒಂದು ಪತ್ರ ಬಂದಿದೆ. ಅದನ್ನು ಓದಿದ ಮೇಲೆ ಗಾಸಿಪ್ ಬರೆಯೋಕೆ ಪೆನ್ನು ಏಳಲಿಲ್ಲ. ಬರೆದವರು ಹಾವೇರಿ ಕಡೆಯ ಓದುಗರು. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರ ಹೀಗಿದೆ:

‘ಸಾಹೇಬ್ರ, ನಮ್ಮವ್ವ ನಾಟಕ ಕಂಪನ್ಯಾಗ ಇಪ್ಪತ್ತೆರಡು ವರ್ಷ ಪಾತ್ರ ಮಾಡಿದಾಕಿ. ಹಲಗಿ ಸ್ಟೇಜಿನ ಮ್ಯಾಲೆ ಕುಣದು ಕುಣದು ಮೊಣಕಾಲು ಸವದಾವು ಅಂತ ಆಕೀನ ಹೇಳತಾಳ. ಬಲಗಾಲಿನ ಮೊಣಕಾಲು ಬದಲಿ ಮಾಡಿಸಿ ಇವತ್ತಿಗೆ ಇಪ್ಪತ್ಮೂರು ದಿನ. ಮನಿಗೆ ಬಂದ ಮ್ಯಾಲೆ ಆಕೀನ್ನ ನಾವು ನೆಲಕ್ಕ ಕಾಲಿಡಾಕ ಬಿಟ್ಟಿಲ್ಲ. ಮೊಣಕಾಲ ಕೆಳಗ ಮೆತ್ತನ್ನ ದಿಂಬು ಇಟ್ಟೀವಿ. ನನ್ನ ಹೆಂಡತಿ ಮೂರ್ಹೊತ್ತೂ ಕಾಲು ಒತ್ತತಾಳ. ಆದ್ರೂ ಕಾಲು ಬಾಗವಲ್ದು, ಪೂರಾ ಚಾಚಾಕೂ ಬರವಲ್ದು. ರಾತ್ರಿ ಅಳತಾಳ. ನನ್ನ ಕಾಲು ಕೆಡಿಸಿದ್ರಿ ಅಂತಾಳ. ಆಪರೇಷನ್ ಮಾಡಿಸಿ ನಾ ತಪ್ಪು ಮಾಡಿದ್ನೇನ್ರಿ?’

ಸಿನಿಮಾ ಪತ್ರಿಕೆಗೂ ಮಂಡಿಗೂ ಏನು ಸಂಬಂಧ ಅಂತ ನಗಬೇಡಿ ಸ್ವಾಮಿ. ಸಂಬಂಧ ಬಹಳ ಇದೆ. ನಾಯಕಿಯ ಹಿಂದೆ ಸಾಲಾಗಿ ಕುಣಿಯೋ ಹುಡುಗಿಯರು, ಮಾಳಿಗೆಯಿಂದ ಹಾರೋ ಫೈಟರುಗಳು, ಲೈಟು ಹೊತ್ತು ಏಣಿ ಹತ್ತೋ ಹುಡುಗರು, ರಾತ್ರಿಯಿಡೀ ಹಲಗೆ ಮೇಲೆ ನಿಂತ ಕಂಪನಿ ಕಲಾವಿದರು... ಇವರೆಲ್ಲರ ಅನ್ನ ಮಂಡಿಯ ಮೇಲೆಯೇ ನಿಂತಿರೋದು. ಟಿಕೆಟ್ ಹರಿಯೋ ಕಂಡಕ್ಟರ್ ಅಣ್ಣನದ್ದೂ ಅಷ್ಟೇ, ಈ ಪತ್ರಿಕೆ ಮಾರೋ ಅಂಗಡಿಯಣ್ಣನದ್ದೂ ಅಷ್ಟೇ.

ತಮ್ಮಾ, ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಆಪರೇಷನ್ ಮಾಡಿಸಿದ್ದು ತಪ್ಪಲ್ಲ. ತೊಂದರೆ ಇರೋದು ಆ ದಿಂಬಿನಲ್ಲಿ. ಪ್ರೀತಿಯಿಂದ ಇಟ್ಟ ದಿಂಬು!

ಇದರಲ್ಲಿ ನಮ್ಮ ಚಿತ್ರಗಳ ಪಾಲೂ ಇದೆ ಅನ್ನಿ. ಬೆಳ್ಳಿತೆರೆಯ ತಾಯಿ ಅಂದರೆ ನಮ್ಮ ಕಣ್ಣಿಗೆ ಬರೋದು ಪಂಢರಿಬಾಯಿ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕಿಯಾಗಿದ್ದ ಆ ಮಹಾತಾಯಿ ಆಮೇಲೆ ಎಷ್ಟು ನಾಯಕರಿಗೆ ಅಮ್ಮನಾದರೋ ಲೆಕ್ಕವಿಲ್ಲ. ಅಂಥ ಚಿತ್ರಗಳಲ್ಲಿ ತಾಯಿಗೆ ಕಾಯಿಲೆ ಅಂದರೆ ಮಂಚ, ದಿಂಬು, ಕಂಬಳಿ. ಮಗ ಪಾದದ ಹತ್ತಿರ ಕೂತು ಕಾಲು ಒತ್ತುತ್ತಾನೆ. ಹಿನ್ನೆಲೆಯಲ್ಲಿ ಪಿಟೀಲು. ‘ನೀನು ಏಳಬೇಡಮ್ಮಾ!’ ಅನ್ನುವ ಮಗನಿಗೆ ಥಿಯೇಟರಿನಲ್ಲಿ ಚಪ್ಪಾಳೆ. ಆದರೆ ಮಂಡಿ ಬದಲಿಸಿದ ಮನೆಯಲ್ಲಿ ಈ ಸೀನ್ ನಡೆಯಬಾರದು. ಇಲ್ಲಿ ಒಳ್ಳೆ ಮಗ ಅಂದರೆ ‘ಏಳಮ್ಮಾ, ನಾಲ್ಕು ಹೆಜ್ಜೆ ಹಾಕು’ ಅನ್ನೋನು.

ಒಳಗೆ ಏನು ಮಾಡಿರ್ತಾರೆ ಅಂತ ಮೊದಲು ತಿಳ್ಕೊಳ್ಳೋಣ. ‘ಚಿಪ್ಪು ಬದಲಾಯಿಸಿದ್ರು’ ಅಂತ ಜನ ಅಂತಾರೆ. ಇಡೀ ಮಂಡಿ ಕಿತ್ತು ಹಾಕೋದಿಲ್ಲ. ತೊಡೆಮೂಳೆಯ ತುದಿಯನ್ನೂ ಕೆಳಗಿನ ಮೂಳೆಯ ತಲೆಯನ್ನೂ ಒಂದು ಬೆರಳಿನ ದಪ್ಪಕ್ಕಿಂತ ಕಡಿಮೆ ಕೆತ್ತಿ, ಹಲ್ಲಿಗೆ ಕ್ಯಾಪ್ ಹಾಕ್ತಾರಲ್ಲ, ಹಾಗೆ ಲೋಹದ ಟೋಪಿ ಹಾಕ್ತಾರೆ. ನಡುವೆ ಗಟ್ಟಿ ಪ್ಲಾಸ್ಟಿಕ್. ಅಂಟಿಸೋಕೆ ಸಾಮಾನ್ಯವಾಗಿ ಒಂದು ಸಿಮೆಂಟು. ಅದೂ ಹಲ್ಲಿನ ಡಾಕ್ಟರುಗಳು ಬಳಸುವ ಅಕ್ರಿಲಿಕ್ ಜಾತಿಯದ್ದೇ.

ಇದರ ಹಿಂದೆ ಒಂದು ಒಳ್ಳೆ ಕಥೆ ಇದೆ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ ಮೊದಲು ಸೊಂಟದ ಕೀಲಿಗೆ ಟೆಫ್ಲಾನ್ ಹಾಕಿ ನೋಡಿದರು. ಕೆಲವೇ ವರ್ಷದಲ್ಲಿ ಅದು ಸವೆದು ಹೋಯಿತು. ಪುಣ್ಯಾತ್ಮ ಆ ಪದಾರ್ಥವನ್ನು ತಮ್ಮದೇ ತೊಡೆಯೊಳಗೆ ಇಡಿಸಿಕೊಂಡು ಮೈ ಹೇಗೆ ತಗೊಳ್ಳುತ್ತೆ ಅಂತ ಪರೀಕ್ಷೆ ಮಾಡಿದರಂತೆ! 1962ರಲ್ಲಿ ಪಾಲಿಎಥಿಲೀನ್ ಕೈ ಹಿಡಿಯಿತು. ಮಂಡಿಯ ಕಡೆ, 1974ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್ ಅವರ ತಂಡ ಈಗಿನ ಮಂಡಿಗಳ ಮೂಲ ಮಾದರಿಯನ್ನು ಕೂರಿಸಿತು. ಆ ತಂಡದಲ್ಲಿ ನಮ್ಮ ದೇಶದವರೇ ಒಬ್ಬರಿದ್ದರು, ಡಾ. ಚಿತ್ತರಂಜನ್ ರಾಣಾವತ್. ಅಟಲ್ ಬಿಹಾರಿ ವಾಜಪೇಯಿ ಪ್ರಧಾನಿಯಾಗಿದ್ದಾಗ 2000ದಲ್ಲಿ ಒಂದು ಮಂಡಿ, 2001ರಲ್ಲಿ ಇನ್ನೊಂದು ಮಂಡಿ ಬದಲಿಸಿದ್ದು ಮುಂಬೈಯಲ್ಲಿ, ಇವರ ಕೈಯಿಂದಲೇ. ಟಿವಿ ಮುಂದೆ ಕೂತ ಹಳ್ಳಿಯ ಅಜ್ಜಿಯರಿಗೂ ‘ಮಂಡಿ ಬದಲಿಸಬಹುದಂತೆ’ ಅಂತ ಗೊತ್ತಾದದ್ದು ಆಗಲೇ.

ಈಗ ದಿಂಬಿಗೆ ಬರೋಣ. ಆಪರೇಷನ್ ಆದ ಮಂಡಿಗೆ ಅರೆಬಾಗಿ ಇರೋದೇ ಸುಖ. ದಿಂಬಿಟ್ಟರೆ ‘ಆಹಾ’ ಅನಿಸುತ್ತೆ. ಆದರೆ ಗಾಯ ಮಾಯುವಾಗ ಒಳಗೆ ಹೊಸ ಮಾಂಸ, ಹೊಸ ನಾರು ಬೆಳೆಯುತ್ತೆ. ಮಂಡಿ ಯಾವ ಭಂಗಿಯಲ್ಲಿ ಸುಮ್ಮನಿರುತ್ತೋ ಅದೇ ಭಂಗಿಗೆ ಆ ನಾರು ಬಿಗಿದುಕೊಳ್ಳುತ್ತೆ. ಆಮೇಲೆ ಅತ್ತ ಪೂರ್ತಿ ಬಾಗೋಲ್ಲ, ಇತ್ತ ಪೂರ್ತಿ ಚಾಚೋಲ್ಲ. ಪೂರ್ತಿ ಚಾಚದ ಕಾಲು ಜೀವನಪೂರ್ತಿ ಕುಂಟು. ಹಾಗಾಗಿ ಇವತ್ತೇ ಆ ದಿಂಬನ್ನು ಮಂಡಿಯ ಕೆಳಗಿನಿಂದ ತೆಗಿ. ಒಂದು ಟವೆಲ್ ಸುತ್ತಿ ಹಿಮ್ಮಡಿಯ ಕೆಳಗೆ ಇಡು. ಮಂಡಿ ತನ್ನ ಭಾರಕ್ಕೇ ನಿಧಾನವಾಗಿ ನೆಟ್ಟಗಾಗಲಿ. ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ನೋಯುತ್ತೆ. ನೋಯಲಿ.

ಕಾಲು ಒತ್ತೋದನ್ನೂ ನಿಲ್ಲಿಸು. ನಿನ್ನ ಹೆಂಡತಿ ಪುಣ್ಯಗಿತ್ತಿ, ಅವಳ ಮೇಲೆ ಬೇಜಾರು ಮಾಡ್ಕೋಬೇಡ. ಆದರೆ ಇಂಥ ಆಪರೇಷನ್ ಆದ ಮೊದಲ ವಾರಗಳಲ್ಲಿ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತೆ. ಒತ್ತಿ ತಿಕ್ಕಿದರೆ ಆ ಹೆಪ್ಪು ಜಾರಿ ಶ್ವಾಸಕೋಶಕ್ಕೆ ಹೋದರೂ ಹೋಯಿತು. ರಕ್ತ ತೆಳುವಾಗೋ ಮಾತ್ರೆ ಕೊಡೋದು ಇದಕ್ಕೇ, ಪಾದವನ್ನು ಮೇಲೆ ಕೆಳಗೆ ಆಡಿಸಿ ಅನ್ನೋದೂ ಇದಕ್ಕೇ. ಕಾಲು ಒತ್ತುವ ಆ ಸಮಯದಲ್ಲಿ ಸೊಸೆ ಅತ್ತೆಯ ಕೈ ಹಿಡಿದು ನಡೆಸಲಿ. ಸೇವೆ ಅದೇ.

ಇನ್ನು ಆ ತಾಯಿಗೆ ನನ್ನದೊಂದು ಮಾತು. ತಾಯೀ, ಕಂಪನಿಯಲ್ಲಿ ತಾಲೀಮು ತಪ್ಪಿಸಿದವರಿಗೆ ಪಾತ್ರ ಸಿಗ್ತಿತ್ತೇ? ಹಾಗೇ ಇದು. ಡಾಕ್ಟರ ಕೆಲಸ ಒಂದೆರಡು ಗಂಟೆಯದ್ದು. ಆಮೇಲಿನ ತಾಲೀಮು ಪೂರಾ ನಿಮ್ಮದು. ಸಿನಿಮಾದಲ್ಲಿ ನಾಯಕನಿಗೆ ಕಷ್ಟದ ಶಾಟ್ ಬಂದರೆ ಡ್ಯೂಪ್ ಹಾಕ್ತಾರೆ. ಇಲ್ಲಿ ಮಗ ನಿಮ್ಮ ಬದಲು ಮಂಡಿ ಬಗ್ಗಿಸೋಕಾಗೋಲ್ಲ, ಸೊಸೆ ನಿಮ್ಮ ಬದಲು ನಡೆಯೋಕಾಗೋಲ್ಲ.

ತಾಲೀಮು ಇಷ್ಟೇ. ಮಲಗಿದಲ್ಲೇ ಮಂಡಿಯನ್ನು ಹಾಸಿಗೆಗೆ ಒತ್ತಿ ಐದು ಎಣಿಸಿ ಬಿಡಿ, ಹತ್ತು ಸಲ. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮಂಡಿ ಮಡಿಸಿ, ಹತ್ತು ಸಲ. ಕುರ್ಚಿಯಲ್ಲಿ ಕೂತು ಪಾದವನ್ನು ಹಿಂದಕ್ಕೆ ಎಳೆದುಕೊಳ್ಳಿ, ಹತ್ತು ಸಲ. ವಾಕರ್ ಹಿಡಿದು ಮನೆಯೊಳಗೆ ಹಲವು ಸಲ, ಸಲಕ್ಕೆ ಐದು ನಿಮಿಷ. ನೋವಿನ ಮಾತ್ರೆಯನ್ನು ತಾಲೀಮಿಗೆ ಮುಕ್ಕಾಲು ಗಂಟೆ ಮುಂಚೆ ತಗೊಳ್ಳಿ, ಆಮೇಲಲ್ಲ. ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸು, ಹದಿನೈದು ಇಪ್ಪತ್ತು ನಿಮಿಷ.

ಗುರಿ ಎಷ್ಟು? ಕುರ್ಚಿಯಲ್ಲಿ ಪಾದ ನೆಲಕ್ಕೂರಿ ನೆಟ್ಟಗೆ ಕೂತಾಗ ಮಂಡಿ ಎಷ್ಟು ಮಡಿಚಿರುತ್ತೋ ಅದು 90 ಡಿಗ್ರಿ. ಹೆಚ್ಚಿನವರು ಎರಡು ಮೂರು ವಾರದಲ್ಲಿ ಅದರ ಹತ್ತಿರ ಬಂದಿರ್ತಾರೆ. ತಿಂಗಳುಗಳು ಕಳೆದಂತೆ 110, 120ರವರೆಗೂ ಹೋಗುತ್ತೆ. ನಿಮ್ಮದು ಇಪ್ಪತ್ಮೂರು ದಿನವಾದರೂ ಬಾಗುತ್ತಿಲ್ಲ ಅಂದರೆ ಈ ವಾರವೇ ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸಿ, ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಕಾಲ ಇನ್ನೂ ಮಿಂಚಿಲ್ಲ. ಆರು ವಾರ ದಾಟಿಯೂ ಬಾಗದಿದ್ದರೆ ಅರಿವಳಿಕೆ ಕೊಟ್ಟು ಡಾಕ್ಟರೇ ಮಂಡಿ ಮಡಿಸಿ ಬಿಡಿಸೋದುಂಟು. ಅದು ಮೂರು ತಿಂಗಳೊಳಗೆ ಆದರೆ ಫಲ ಜಾಸ್ತಿ. ನಾಚಿಕೊಂಡು, ಹೆದರಿಕೊಂಡು ಆರು ತಿಂಗಳು ಕೂತರೆ ಮಾತ್ರ ಕಷ್ಟ.

ರಾತ್ರಿ ಅಳು ಬರೋದು ನಿಮಗೊಬ್ಬರಿಗೇ ಅಲ್ಲ ತಾಯೀ. ಮೊದಲ ಆರು ವಾರ ನಿದ್ದೆ ಹತ್ತೋಲ್ಲ, ಮನಸ್ಸು ಕುಸಿಯುತ್ತೆ, ‘ಯಾಕಾದರೂ ಮಾಡಿಸಿಕೊಂಡೆನೋ’ ಅಂತ ಬಹಳ ಜನಕ್ಕೆ ಅನಿಸುತ್ತೆ. ಊತ, ಬಿಸಿ ಮೂರು ನಾಲ್ಕು ತಿಂಗಳಾದರೂ ಇರುತ್ತೆ. ಹೊಲಿಗೆಯ ಹೊರಬದಿಗೆ ಒಂದು ಕಡೆ ಮರಗಟ್ಟಿದ ಹಾಗಿರುತ್ತೆ. ನಡೆವಾಗ ‘ಟಕ್’ ಅಂತ ಸದ್ದು ಬಂದರೆ ಲೋಹ ಪ್ಲಾಸ್ಟಿಕ್ಕಿಗೆ ತಾಗಿದ್ದು, ಮುರಿದದ್ದಲ್ಲ. ಪೂರ್ತಿ ಸುಧಾರಿಸೋಕೆ ಒಂದು ವರ್ಷ. ಎಲ್ಲರಿಗೂ ನೋವು ಪೂರ್ತಿ ಹೋಗುತ್ತೆ ಅಂತ ಸುಳ್ಳು ಹೇಳೋಲ್ಲ. ಕೆಲವರಿಗೆ ಸ್ವಲ್ಪ ಉಳಿಯುತ್ತೆ.

ಆದರೆ ಕೆಲವು ಸಂಗತಿಗೆ ತಡ ಮಾಡಬಾರದು. ಮೀನಖಂಡ ಊದಿ ನೋಯೋದು, ಎದೆ ನೋವು, ಉಸಿರು ಕಟ್ಟೋದು, ಜ್ವರ, ಹೊಲಿಗೆಯಿಂದ ಕೀವು ನೀರು ಸೋರೋದು. ಇವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆ.

ಮೆಟ್ಟಿಲಿಗೆ ನಮ್ಮ ಗಾಂಧಿನಗರದ ಸೂತ್ರ ಇಟ್ಕೊಳ್ಳಿ. ಒಳ್ಳೆ ಕಾಲು ಹೀರೋ, ಆಪರೇಷನ್ ಆದ ಕಾಲು ಸದ್ಯಕ್ಕೆ ವಿಲನ್. ಹತ್ತುವಾಗ ಹೀರೋ ಮುಂದೆ. ಇಳಿಯುವಾಗ ವಿಲನ್ ಮುಂದೆ. ಬಸ್ಸಿನ ಮೊದಲ ಮೆಟ್ಟಿಲು ಎತ್ತರ, ಅಲ್ಲೂ ಇದೇ. ಹಿಡಿಕೆ ಹಿಡಿದು ನಿಧಾನವಾಗಿ. ಕಂಡಕ್ಟರ್ ಅಣ್ಣಂದಿರೇ, ಇಂಥವರು ಹತ್ತುವಾಗ ಒಂದು ನಿಮಿಷ ತಡೆದು ರೈಟ್ ಹೇಳಿ! ಇನ್ನು ಊರುಗೋಲು. ಸಿನಿಮಾದಲ್ಲಿ ಕುಂಟುವ ಕಾಲಿನ ಕಡೆಯೇ ಕೋಲು ಹಿಡಿಸಿರ್ತಾರೆ, ನೋಡೋಕೆ ಚೆಂದ. ಹಾಗಲ್ಲ, ಕೋಲು ಒಳ್ಳೆ ಕಾಲಿನ ಕಡೆಯ ಕೈಯಲ್ಲಿರಬೇಕು.

ನೆಲದ ಮೇಲೆ ಚಕ್ಕಳಮಕ್ಕಳ, ಕುಕ್ಕರುಗಾಲು ಇವಕ್ಕೆ ಹೊಸ ಮಂಡಿ ಒಗ್ಗೋಲ್ಲ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ನಡುವೆ ತೂತಿರುವ ಕುರ್ಚಿ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತೆ, ಅದನ್ನು ಇಡಿ. ಮದುವೆ ಮನೆಯಲ್ಲಿ ಪಂಕ್ತಿ ಬಿಟ್ಟು ಮೇಜಿನ ಊಟ. ದೇವರಿಗೆ ನಿಂತೇ ಕೈ ಮುಗಿದರೂ ಸಲ್ಲುತ್ತೆ.

ಸೊಂಟದ ಕೀಲು ಬದಲಿಸಿದವರ ನಿಯಮ ಬೇರೆ, ಬೆರೆಸಬೇಡಿ. ಅವರಿಗೆ ಸಾಮಾನ್ಯವಾಗಿ ಮೊದಲ ಆರರಿಂದ ಹನ್ನೆರಡು ವಾರ ತಗ್ಗು ಕುರ್ಚಿ ಬೇಡ, ಕಾಲಿನ ಮೇಲೆ ಕಾಲು ಹಾಕೋದು ಬೇಡ, ಬಗ್ಗಿ ಚಪ್ಪಲಿ ಹಾಕೋದೂ ಬೇಡ, ಕೀಲು ಜಾರಬಹುದು. ಮಗ್ಗುಲಾದಾಗ ಎರಡು ಕಾಲಿನ ನಡುವೆ ದಿಂಬು ಬೇಕು. ನೋಡಿ, ಮಂಡಿಗೆ ಶತ್ರುವಾದ ದಿಂಬು ಸೊಂಟಕ್ಕೆ ಮಿತ್ರ! ಎಲಿಜಬೆತ್ ಟೇಲರ್ ಎರಡೂ ಸೊಂಟ ಬದಲಿಸಿಕೊಂಡದ್ದು 1994, 1995ರಲ್ಲಿ. 1982ರಲ್ಲಿ ವ್ಯಾಯಾಮದ ವಿಡಿಯೋ ಕ್ಯಾಸೆಟ್ ಮಾಡಿ ಲೋಕವನ್ನೇ ಕುಣಿಸಿದ ಜೇನ್ ಫಾಂಡಾ 2005ರಲ್ಲಿ ಸೊಂಟ, 2009ರಲ್ಲಿ ಮಂಡಿ ಬದಲಿಸಿಕೊಂಡರು. ಆಮೇಲೆ 2015ರಿಂದ 2022ರವರೆಗೆ ಒಂದೇ ಧಾರಾವಾಹಿಯಲ್ಲಿ ಏಳು ಸೀಸನ್ ನಟಿಸಿದರು. ವ್ಯಾಯಾಮದ ರಾಣಿಗೂ ಕೀಲು ಸವೆಯುತ್ತೆ, ಬದಲಿಸಿದ ಮೇಲೂ ಬಣ್ಣ ಹಚ್ಚಬಹುದು.

ದುಡ್ಡಿನ ಮಾತು ಬಿಟ್ಟರೆ ಓದುಗರು ಬಿಡೋಲ್ಲ. 2017ರ ಆಗಸ್ಟಿನಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರ ಮಂಡಿಯ ಬೆಲೆಗೆ ಮಿತಿ ಹಾಕಿತು. ಅದುವರೆಗೆ ಒಂದೂವರೆ ಲಕ್ಷ ದಾಟಿದ್ದ ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಅಂದು ನಿಗದಿಯಾದದ್ದು 54,720 ರೂಪಾಯಿ, ತೆರಿಗೆ ಬೇರೆ. ಅದು ಬರೀ ಮಂಡಿಯ ಬೆಲೆ, ಆಸ್ಪತ್ರೆ ಖರ್ಚು ಬೇರೆ. ಬಿಲ್ಲಿನಲ್ಲಿ ಮಂಡಿಯ ಬೆಲೆ ಎಷ್ಟು ಅಂತ ಧೈರ್ಯವಾಗಿ ಕೇಳಿ. ಮಂಡಿಯ ಕಂಪನಿ, ನಂಬರು ಇರುವ ಕಾಗದವನ್ನು ಪಡಿತರ ಚೀಟಿಯ ಜೊತೆ ಜೋಪಾನವಾಗಿಡಿ, ಮುಂದೆ ಎಂದಾದರೂ ರಿಪೇರಿಗೆ ಬೇಕಾಗುತ್ತೆ. ಬಾಳಿಕೆ ಎಷ್ಟು ಅಂತೀರಾ? ಲ್ಯಾನ್ಸೆಟ್ ವೈದ್ಯ ಪತ್ರಿಕೆ 2019ರಲ್ಲಿ ಕೊಟ್ಟ ಲೆಕ್ಕದಂತೆ ನೂರರಲ್ಲಿ 82 ಮಂಡಿಗಳು 25 ವರ್ಷ ಬರುತ್ತವೆ.

25 ವರ್ಷ ತಾಯೀ! ನೀವು ಕಂಪನಿಯಲ್ಲಿ ದುಡಿದದ್ದಕ್ಕಿಂತ ಮೂರು ವರ್ಷ ಜಾಸ್ತಿ. ಅದಕ್ಕೆ ಈಗ ಕೊಡಬೇಕಾದ ಬೆಲೆ ಮೂರು ತಿಂಗಳ ತಾಲೀಮು. ನಾಳೆ ಬೆಳಿಗ್ಗೆ ಮಂಚದಿಂದ ಬಾಗಿಲವರೆಗೆ, ನಾಳಿದ್ದು ಬಾಗಿಲಿಂದ ಕಟ್ಟೆಯವರೆಗೆ. ಬೇಕಾದರೆ ಮಗನನ್ನು ಬೈಯುತ್ತಾ ನಡೆಯಿರಿ, ಆದರೆ ನಡೆಯಿರಿ.

ಮುಂದಿನ ವಾರ ಗಾಸಿಪ್ ಗ್ಯಾರಂಟಿ. ಅಲ್ಲೀವರೆಗೆ ನಮಸ್ಕಾರ!